ಒಬ್ಬರು ಕೂತರು, ಮೂರು ಎಲೆ ಬಿತ್ತು: ಟ್ವಿಟರ್ ತನ್ನ ಬಳಕೆದಾರರನ್ನು ಎಣಿಸಿದ ಕಥೆ

ಮದುವೆ ಗೊತ್ತಾದ ಮೇಲೆ ಅಡಿಗೆ ಭಟ್ಟರು ಮೊದಲು ಕೇಳುವುದು "ಎಷ್ಟು ಎಲೆ?" ಅಂತ. ನಾವು "ನಾನೂರು ಕಾರ್ಡ್ ಹಂಚಿದ್ದೇವೆ" ಅಂತ ಶುರು ಮಾಡಿದರೆ ಅವರು ಕೈ ಅಡ್ಡ ಹಿಡಿಯುತ್ತಾರೆ. ಕಾರ್ಡು ಮನೆಗೆ ಒಂದು. ಆ ಮನೆಯಿಂದ ಒಬ್ಬರು ಬರಬಹುದು, ಆರು ಜನವೂ ಬರಬಹುದು. ಬಂದವರೆಲ್ಲ ಊಟಕ್ಕೆ ಕೂರುತ್ತಾರಾ, ಅದೂ ಇಲ್ಲ. ಕವರ್ ಕೊಟ್ಟು, ಫೋಟೊಗೆ ನಿಂತು, ಟ್ರಾಫಿಕ್ ಜಾಸ್ತಿ ಅಂತ ಹೊರಟುಬಿಡುವವರಿದ್ದಾರೆ. ಭಟ್ಟರು ದುಡ್ಡು ತೆಗೆದುಕೊಳ್ಳುವುದು ಎಲೆಗೆ. ಹಾಗಾಗಿ ಅವರ ಲೆಕ್ಕದಲ್ಲಿ ಕಾರ್ಡು, ಜನ, ಎಲೆ ಮೂರೂ ಬೇರೆ ಬೇರೆ. ಮೂರನ್ನೂ ಕಲಸಿ 'ಅತಿಥಿ' ಅಂತ ಒಂದೇ ಹೆಸರಿಟ್ಟರೆ ಒಂದೋ ಅನ್ನ ಉಳಿಯುತ್ತೆ, ಇಲ್ಲವೋ ಕೊನೆ ಪಂಕ್ತಿಗೆ ಪಾಯಸ ಸಿಗುವುದಿಲ್ಲ.

ಡೇಟಾ ಟೀಮ್‌ಗಳಲ್ಲಿ ಇದಕ್ಕೆ ಎಂಟಿಟಿ ಅನ್ನುತ್ತೇವೆ. ಗ್ರಾಹಕ, ಆರ್ಡರ್, ಖಾತೆ, ಅಂಗಡಿ, ಬಳಕೆದಾರ, ಹೀಗೆ ವ್ಯವಹಾರದಲ್ಲಿ ಒಂದೊಂದಾಗಿ ಗುರುತು ಹಿಡಿದು ಎಣಿಸಬೇಕಾದದ್ದು ಏನಿದೆಯೋ ಅದು. ಟೇಬಲ್‌ನ ಒಂದು ಸಾಲು ಅಂದರೆ ನಿಜವಾಗಿ ಹೊರಗೆ ಏನು, ಅಷ್ಟೇ ಪ್ರಶ್ನೆ. ತೀರಾ ಸಲೀಸಾಗಿ ಕಾಣುತ್ತೆ, ಅದಕ್ಕೇ ಯಾರೂ ಕೇಳುವುದಿಲ್ಲ. ಟೀಮಿಗೆ ಹೊಸಬರು ಬಂದಾಗ ನಾನು ಪುಸ್ತಕದ ವ್ಯಾಖ್ಯೆ ಬಿಟ್ಟು ಟ್ವಿಟರ್‌ನ ಪ್ರಕರಣ ಹೇಳುತ್ತೇನೆ. ಈಗ ಅದರ ಹೆಸರು ಎಕ್ಸ್. ಈ ಕಥೆ ನಡೆದಾಗ ಅದು ಸ್ಯಾನ್ ಫ್ರಾನ್ಸಿಸ್ಕೊದ ಟ್ವಿಟರ್, ನ್ಯೂಯಾರ್ಕ್ ಷೇರುಪೇಟೆಯಲ್ಲಿದ್ದ ಕಂಪನಿ. ಷೇರುಪೇಟೆಯಲ್ಲಿದ್ದ ಕಾರಣಕ್ಕೇ ತಪ್ಪನ್ನು ಬಾಯಿಬಿಟ್ಟು ಹೇಳಬೇಕಾಯಿತು. ನಮ್ಮ ನಿಮ್ಮ ಆಫೀಸುಗಳಲ್ಲಾದರೆ ಡ್ಯಾಶ್‌ಬೋರ್ಡನ್ನು ರಾತ್ರಿ ಸುಮ್ನೆ ರೀಫ್ರೆಶ್ ಮಾಡಿ ಮನೆಗೆ ಹೋಗುತ್ತೇವೆ, ಅಲ್ವಾ?

ಮಾರ್ಚ್ 2019ರ ಒಂದು ಸಣ್ಣ ಅನುಕೂಲ

2022ರ ಏಪ್ರಿಲ್ 25ರಂದು ಟ್ವಿಟರನ್ನು ಇಲಾನ್ ಮಸ್ಕ್‌ಗೆ ಸುಮಾರು 4,400 ಕೋಟಿ ಡಾಲರ್‌ಗೆ ಮಾರುವ ಒಪ್ಪಂದ ಆಯಿತು. ಮೂರು ದಿನ ಬಿಟ್ಟು, ಏಪ್ರಿಲ್ 28ಕ್ಕೆ, ಕಂಪನಿ ಆ ವರ್ಷದ ಮೊದಲ ಮೂರು ತಿಂಗಳ ಲೆಕ್ಕ ಪ್ರಕಟಿಸಿತು. ದಿನದ ಬಳಕೆದಾರರು ಸರಾಸರಿ 22.9 ಕೋಟಿ. ಒಳ್ಳೆಯ ಸುದ್ದಿಯೇ. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇತ್ತು.

ವಿಷಯ ಇಷ್ಟು. 2019ರ ಮಾರ್ಚ್‌ನಲ್ಲಿ ಟ್ವಿಟರ್ ಒಂದು ಸೌಲಭ್ಯ ತಂದಿತ್ತು. ಒಬ್ಬರ ಕೈಯಲ್ಲಿ ಹಲವು ಖಾತೆ ಇದ್ದರೆ ಅವನ್ನು ಒಂದಕ್ಕೊಂದು ಜೋಡಿಸಿ, ಪದೇ ಪದೇ ಪಾಸ್‌ವರ್ಡ್ ಹೊಡೆಯದೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಆ ಹೊತ್ತಿನಲ್ಲಿ ಎಣಿಕೆಯಲ್ಲಿ ಒಂದು ತಪ್ಪಾಯಿತು. ಮುಖ್ಯ ಖಾತೆಯಲ್ಲಿ ಏನಾದರೂ ಮಾಡಿದರೆ, ಅದಕ್ಕೆ ಜೋಡಿಸಿದ ಎಲ್ಲ ಖಾತೆಗಳೂ ಆ ದಿನ ಬಂದಂತೆ ಲೆಕ್ಕಕ್ಕೆ ಸೇರಿಬಿಟ್ಟವು. 2019ರ ಮೊದಲ ತ್ರೈಮಾಸಿಕದಿಂದ 2021ರ ಕೊನೆಯ ತ್ರೈಮಾಸಿಕದವರೆಗೆ, ಅಂದರೆ ಮೂರು ವರ್ಷ, ಸಂಖ್ಯೆ ಜಾಸ್ತಿಯಾಗಿಯೇ ಹೊರಗೆ ಹೋಯಿತು. 2021ರ ಕೊನೆಯ ತ್ರೈಮಾಸಿಕಕ್ಕೆ 21.66 ಕೋಟಿ ಅಂದಿದ್ದರು. ತಿದ್ದಿದ ಮೇಲೆ 21.47 ಕೋಟಿ. ವ್ಯತ್ಯಾಸ 19 ಲಕ್ಷ.

ಒಬ್ಬರು ಪಂಕ್ತಿಯಲ್ಲಿ ಕೂತರು. ಮನೆಯಲ್ಲೇ ಉಳಿದ ಅಣ್ಣ ತಮ್ಮಂದಿರ ಹೆಸರಿನಲ್ಲೂ ಎಲೆ ಬಿತ್ತು. ಭಟ್ಟರು ಎಲೆ ಎಣಿಸಿದರು.

ಇದನ್ನು ಹತ್ತಿರದಿಂದ ನೋಡೋಣ. ಈಗ ಹೇಳುವುದು ಟ್ವಿಟರ್‌ನ ಒಳಗಿನ ಕೋಡ್ ಅಲ್ಲ. ಕಂಪನಿ ಕೊಟ್ಟ ವಿವರಣೆಗೆ ಹೊಂದುವ ಹಾಗೆ ನಾನೇ ಕಟ್ಟಿದ ಮಾದರಿ.

ಗಾಂಧಿ ಬಜಾರಿನಲ್ಲಿ ಹೋಳಿಗೆ ಅಂಗಡಿ ನಡೆಸುವ ಒಬ್ಬ ಮಹಿಳೆ ಇದ್ದಾರೆ ಅಂದುಕೊಳ್ಳಿ. ಅವರ ಫೋನಿನಲ್ಲಿ ಮೂರು ಖಾತೆ. ಒಂದು ಸ್ವಂತದ್ದು, ಒಂದು ಅಂಗಡಿಯದ್ದು, ಇನ್ನೊಂದು ಅಪಾರ್ಟ್‌ಮೆಂಟ್ ಸಂಘದ್ದು. ಸ್ವಂತದ್ದು ಮುಖ್ಯ, ಉಳಿದೆರಡು ಅದಕ್ಕೆ ಜೋಡಿಸಿದವು. ಮಂಗಳವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಸ್ವಂತ ಖಾತೆ ತೆರೆದು, ಕ್ರಿಕೆಟ್ ಸ್ಕೋರ್ ನೋಡಿ, ಒಂದು ಲೈಕ್ ಒತ್ತಿ ಮುಚ್ಚಿದರು. ಆ ದಿನ ಮತ್ತೆ ತೆರೆಯಲಿಲ್ಲ. ಭೇಟಿಗಳ ಟೇಬಲ್‌ನಲ್ಲಿ ಬಿದ್ದದ್ದು ಒಂದೇ ಸಾಲು. ಜೋಡಣೆಗಳ ಟೇಬಲ್‌ನಲ್ಲಿ ಅವರ ಹೆಸರಿಗೆ ಎರಡು ಸಾಲು ಮೊದಲೇ ಇವೆ. ಈ ಎರಡು ಟೇಬಲ್‌ಗಳನ್ನು ಜಾಯಿನ್ ಮಾಡಿ, ಅಂದರೆ ಒಂದಕ್ಕೊಂದು ಹೊಂದುವ ಸಾಲುಗಳನ್ನು ಕೂಡಿಸಿ, ಜೋಡಿಸಿದ ಖಾತೆಗಳಿಗೂ ಆ ಭೇಟಿಯನ್ನು ಹಂಚಿಬಿಟ್ಟರೆ ಮೂರು ಸಾಲು ಎದ್ದು ಬರುತ್ತವೆ. ಎಣಿಕೆ: ಮೂರು.

ಡೇಟಾಬೇಸ್‌ನಲ್ಲಿ ಕೌಂಟ್ ಡಿಸ್ಟಿಂಕ್ಟ್ ಅಂತ ಒಂದು ಆದೇಶ ಇದೆ, ಮತ್ತೆ ಮತ್ತೆ ಬಂದದ್ದನ್ನು ಒಂದೇ ಸಲ ಎಣಿಸುತ್ತೆ. ಇಲ್ಲಿ ಹೊಸ ಹುಡುಗರು ಯಾವಾಗಲೂ ಒಂದು ಮಾತು ಹೇಳುತ್ತಾರೆ: "ಕೌಂಟ್ ಡಿಸ್ಟಿಂಕ್ಟ್ ಹಾಕಿದ್ದರೆ ಆಗುತ್ತಿತ್ತಲ್ಲ ಸರ್?" ಆಗುವುದಿಲ್ಲ. ಆ ಮೂರೂ ನಿಜವಾಗಿ ಬೇರೆ ಬೇರೆ ಖಾತೆಗಳೇ, ಮೂರಕ್ಕೂ ಬೇರೆ ನಂಬರು. ಡಿಸ್ಟಿಂಕ್ಟ್ ತೆಗೆಯುವುದು ಒಂದೇ ಸಾಲು ಎರಡು ಸಲ ಬಂದರೆ. ಬರಬಾರದ ಸಾಲು ಒಂದು ಸಲ ಬಂದರೆ ಅದು ತುಟಿ ಬಿಚ್ಚುವುದಿಲ್ಲ.

ಬುಧವಾರ ಅದೇ ಮಹಿಳೆ ಮೂರೂ ಖಾತೆ ತೆರೆಯುತ್ತಾರೆ. ಅಂಗಡಿಯ ಖಾತೆಯಲ್ಲಿ ಕಾಯಿ ಹೋಳಿಗೆಯ ಫೋಟೊ, ಸಂಘದ ಖಾತೆಯಲ್ಲಿ ನೀರಿನ ಟ್ಯಾಂಕರ್ ಬಗ್ಗೆ ಒಂದು ದೂರು, ಸ್ವಂತ ಖಾತೆಯಲ್ಲಿ ಮತ್ತೆ ಕ್ರಿಕೆಟ್. ತಪ್ಪು ಲೆಕ್ಕವೂ ಮೂರು ಅನ್ನುತ್ತೆ, ಸರಿ ಲೆಕ್ಕವೂ ಮೂರು ಅನ್ನುತ್ತೆ. ಟೆಸ್ಟ್ ಮಾಡುವವರು ಬುಧವಾರದಂಥ ದಿನ ಹಿಡಿದು ನೋಡಿದರೆ ಎಲ್ಲ ಹಸಿರು. ತಪ್ಪು ಸಿಗುವುದು ಮಂಗಳವಾರ ಮಾತ್ರ. ಅಷ್ಟೇ ಅಲ್ಲ, ಮನುಷ್ಯರನ್ನು ಎಣಿಸಿದರೆ ಎರಡೂ ದಿನ ಒಂದು. ಖಾತೆಗಳನ್ನು ಎಣಿಸಿದರೆ ಮಂಗಳವಾರ ಒಂದು, ಬುಧವಾರ ಮೂರು. ಟ್ವಿಟರ್‌ನ ತಪ್ಪಿನಲ್ಲಿ ಎರಡೂ ದಿನ ಮೂರು.

ಸಣ್ಣ ಅಕ್ಷರದಲ್ಲಿ ಸರಿಯಾಗಿಯೇ ಬರೆದಿತ್ತು

ಈ ಸುದ್ದಿ ಬಂದಾಗ ಹಲವರು ಇದನ್ನು 'ಒಬ್ಬರನ್ನೇ ಹಲವು ಸಲ ಎಣಿಸಿದರು' ಅಂತ ಅರ್ಥ ಮಾಡಿಕೊಂಡರು. ನನ್ನ ಪ್ರಕಾರ ಇದು ಅರ್ಧ ಸರಿ, ಅರ್ಧ ತಪ್ಪು. ಮಜಾ ಇರುವುದು ಆ ತಪ್ಪಿನ ಅರ್ಧದಲ್ಲಿ.

ಟ್ವಿಟರ್ ತನ್ನ ವಾರ್ಷಿಕ ವರದಿಯಲ್ಲಿ ಮೊದಲಿಂದಲೂ ಒಂದು ಮಾತು ಬರೆದುಕೊಂಡಿತ್ತು. ನಾವು ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಖಾತೆಗೆ ಅವಕಾಶ ಕೊಡುತ್ತೇವೆ, ಆದ್ದರಿಂದ ಒಬ್ಬರದ್ದೋ ಒಂದು ಸಂಸ್ಥೆಯದ್ದೋ ಹಲವು ಖಾತೆ ಇದ್ದರೆ ಅವನ್ನು ಹಲವು ಎಂದೇ ಎಣಿಸುತ್ತೇವೆ. ಸಂಸ್ಥೆಯ ಒಂದು ಖಾತೆಯನ್ನು ಹಲವು ಜನ ಬಳಸುವುದೂ ಉಂಟು. ಹಾಗಾಗಿ ಈ ಸಂಖ್ಯೆಯನ್ನು ಜನರ ಸಂಖ್ಯೆ ಅಂದುಕೊಳ್ಳಬೇಡಿ. ಮಾತುಗಳು ನನ್ನವು, ಸಾರ ಅವರದ್ದು. ಅಂದರೆ ಎಂಟಿಟಿ ಯಾವುದು ಅನ್ನುವುದು ಸ್ಪಷ್ಟವಾಗಿತ್ತು: ಖಾತೆ. ಹೋಳಿಗೆ ಅಂಗಡಿಯವರು ಬುಧವಾರ ಮೂರು ಅಂತ ಎಣಿಕೆಯಾದರೆ ತಪ್ಪೇ ಅಲ್ಲ.

ಎಡವಿದ್ದು ಇನ್ನೊಂದು ಕಡೆ. ದಿನದ ಬಳಕೆದಾರ ಅಂದರೆ ಯಾರು ಅನ್ನುವುದಕ್ಕೂ ಅವರದ್ದೇ ಒಂದು ವ್ಯಾಖ್ಯೆ ಇತ್ತು. ಲಾಗಿನ್ ಆಗಿ, ಅಥವಾ ಬೇರೆ ರೀತಿಯಲ್ಲಿ ಗುರುತು ಖಚಿತವಾಗಿ, ಆ ದಿನ ಟ್ವಿಟರ್‌ನ ವೆಬ್‌ಸೈಟ್ ಮೂಲಕವೋ ಜಾಹೀರಾತು ತೋರಿಸಬಲ್ಲ ಆ್ಯಪ್‌ಗಳ ಮೂಲಕವೋ ಒಳಗೆ ಬಂದವರು. ಮಂಗಳವಾರ ಸಂಘದ ಖಾತೆ ಒಳಗೆ ಬಂತಾ? ಯಾರೂ ಅದನ್ನು ತೆರೆಯಲೇ ಇಲ್ಲ. 'ಬಂದರು' ಅನ್ನುವ ಕ್ರಿಯೆಗೆ ಕರ್ತೃ ಯಾರು ಅನ್ನುವುದು ಕೈತಪ್ಪಿತ್ತು. ಲೈಕ್ ಒತ್ತಿದ್ದು ಖಾತೆಯಾ, ಖಾತೆಯ ಹಿಂದಿನ ವ್ಯಕ್ತಿಯಾ? ವ್ಯಕ್ತಿ ಅಂದರೆ ಒಂದು ಎಣಿಸಬೇಕು. ಖಾತೆ ಅಂದರೂ ಆ ದಿನ ಒಂದೇ ಎಣಿಸಬೇಕು. ಕ್ರಿಯೆಯನ್ನು ವ್ಯಕ್ತಿಯ ಲೆಕ್ಕದಲ್ಲಿ ತೆಗೆದುಕೊಂಡು, ಎಣಿಕೆಯನ್ನು ಖಾತೆಯ ಲೆಕ್ಕದಲ್ಲಿ ಮಾಡಿದರೆ ಮಾತ್ರ ಮೂರು ಬರುತ್ತೆ. ಎರಡು ಎಂಟಿಟಿಗಳು ಒಂದೇ ಲೆಕ್ಕದೊಳಗೆ ಕಲಸಿಕೊಂಡ ಜಾಗ ಇದು.

ಇದಕ್ಕೆ ಬೀಜ ಹೆಸರಿನಲ್ಲೇ ಇತ್ತು ಅನ್ನಿಸುತ್ತೆ. ಎಣಿಸುತ್ತಿದ್ದದ್ದು ಖಾತೆ-ದಿನ. ಹೊರಗೆ ಹೇಳುತ್ತಿದ್ದದ್ದು 'ಯೂಸರ್'. ಯೂಸರ್ ಅಂದ ತಕ್ಷಣ ಕೇಳುವವರ ಕಣ್ಣ ಮುಂದೆ ಫೋನ್ ಹಿಡಿದ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ, ಖಾತೆ ನಿಲ್ಲುವುದಿಲ್ಲ.

ಅದಕ್ಕೂ ಮೊದಲು ಎರಡು ಸಲ

ಎಣಿಕೆಯ ಗೊಂದಲ ಟ್ವಿಟರ್‌ಗೆ ಹೊಸದಾಗಿರಲಿಲ್ಲ. ಮೊದಲು ಅವರು ಹೇಳುತ್ತಿದ್ದದ್ದು ತಿಂಗಳ ಬಳಕೆದಾರರ ಸಂಖ್ಯೆ. 2015ರ ಕೊನೆಯ ತ್ರೈಮಾಸಿಕಕ್ಕೆ 32 ಕೋಟಿ ಅಂತ ಬಂತು. ಅದರ ಪಕ್ಕದಲ್ಲೇ ಇನ್ನೊಂದು ಸಂಖ್ಯೆಯೂ ಇತ್ತು: ಎಸ್ಸೆಮ್ಮೆಸ್ ಮೂಲಕ ಮಾತ್ರ ಟ್ವೀಟ್ ಪಡೆಯುವವರನ್ನು ಬಿಟ್ಟರೆ 30.5 ಕೋಟಿ. ಬಟನ್ ಫೋನ್ ಇಟ್ಟುಕೊಂಡು, ಖಾತೆ ತೆರೆಯದೆ, ಯಾರದ್ದೋ ಟ್ವೀಟ್‌ಗಳನ್ನು ಮೆಸೇಜ್ ಆಗಿ ಓದುವವರು ಬಳಕೆದಾರರಾ? ಆ ಕಾಲಕ್ಕೆ ಇದು ನಮ್ಮ ದೇಶದಲ್ಲೂ ದೊಡ್ಡ ಪ್ರಶ್ನೆ. 2015ರ ಜನವರಿಯಲ್ಲಿ ಟ್ವಿಟರ್ ಕೊಂಡ ಜಿಪ್‌ಡಯಲ್ ನಮ್ಮ ಬೆಂಗಳೂರಿನ ಕಂಪನಿ, ಅದರ ಇಡೀ ವ್ಯವಹಾರ ಮಿಸ್ಡ್ ಕಾಲ್ ಮೇಲೆ ನಿಂತಿತ್ತು. ಮಿಸ್ಡ್ ಕಾಲ್ ಕೊಟ್ಟವರು ಯಾವ ಟೇಬಲ್‌ನಲ್ಲಿ ಕೂರಬೇಕು ಹೇಳಿ ನೋಡೋಣ. ಎರಡು ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟದ್ದು ಮಾತ್ರ ಟ್ವಿಟರ್‌ನ ಒಳ್ಳೆ ಕೆಲಸ. ಓದುವವರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು.

ಎರಡನೇದು ತಪ್ಪೇ. 2017ರ ಅಕ್ಟೋಬರ್‌ನಲ್ಲಿ ಕಂಪನಿ ಇನ್ನೊಂದು ತಿದ್ದುಪಡಿ ಹೇಳಿತು. ಟ್ವಿಟರ್ ಬಳಿ ಡಿಜಿಟ್ಸ್ ಎಂಬ ಒಂದು ಸಾಫ್ಟ್‌ವೇರ್ ಇತ್ತು. ಬೇರೆ ಕಂಪನಿಗಳ ಆ್ಯಪ್‌ಗಳು ಅದನ್ನು ಬಳಸಿ ತಮ್ಮ ಗ್ರಾಹಕರ ಗುರುತು ಪರೀಕ್ಷಿಸುವ ಎಸ್ಸೆಮ್ಮೆಸ್ ಕಳಿಸುತ್ತಿದ್ದವು. ನಮ್ಮ ಒಟಿಪಿ ಇದ್ದ ಹಾಗೆ. ಆ ಮೆಸೇಜ್ ಟ್ವಿಟರ್‌ನ ವ್ಯವಸ್ಥೆಯ ಮೂಲಕ ಹೋಗುತ್ತಿತ್ತು, ಅಷ್ಟೇ ಸಂಬಂಧ. ಅಂಥ ಕೆಲವು ಆ್ಯಪ್‌ಗಳ ಜನ 2014ರ ಕೊನೆಯ ತ್ರೈಮಾಸಿಕದಿಂದ ಟ್ವಿಟರ್‌ನ ತಿಂಗಳ ಬಳಕೆದಾರರ ಲೆಕ್ಕಕ್ಕೆ ಸೇರುತ್ತಾ ಬಂದಿದ್ದರು. 2017ರ ಎರಡನೇ ತ್ರೈಮಾಸಿಕದ 32.8 ಕೋಟಿ, ತಿದ್ದಿದ ಮೇಲೆ 32.6 ಕೋಟಿ ಆಯಿತು. ಚೌಲ್ಟ್ರಿಯ ಬಾಗಿಲಲ್ಲಿ ಅಡ್ರೆಸ್ ಕೇಳಲು ನಿಂತ ದಾರಿಹೋಕರಿಗೂ ಎಲೆ ಹಾಕಿದ ಹಾಗೆ.

2017ರ ಮತ್ತು 2022ರ ತಿದ್ದುಪಡಿಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ ನನಗೆ ಹೆಚ್ಚು ಕಾಡಿದ್ದು ಅಂಕಿಗಳಲ್ಲ, ಎರಡರಲ್ಲೂ ಇರುವ ಒಂದೇ ವಾಕ್ಯ. 2017ರಲ್ಲಿ: ನಮ್ಮ ಡೇಟಾ ಉಳಿಸಿಕೊಳ್ಳುವ ನೀತಿಯ ಕಾರಣ 2016ರ ಕೊನೆಯ ತ್ರೈಮಾಸಿಕಕ್ಕಿಂತ ಹಿಂದಿನದನ್ನು ತಿದ್ದಲು ಆಗುವುದಿಲ್ಲ. 2022ರಲ್ಲಿ: ಅದೇ ಕಾರಣಕ್ಕೆ 2020ರ ಕೊನೆಯ ತ್ರೈಮಾಸಿಕಕ್ಕಿಂತ ಹಿಂದಿನದನ್ನು ತಿದ್ದಲು ಆಗುವುದಿಲ್ಲ. ಐದು ವರ್ಷದಲ್ಲಿ ಎರಡು ಸಲ ಅದೇ ಕಲ್ಲಿಗೆ ಕಾಲು ತಗುಲಿತು.

ಹಳೆಯ ವೈಯಕ್ತಿಕ ಮಾಹಿತಿ ಅಳಿಸುವುದು ಸರಿಯಾದ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾರ ಹೆಸರೂ ಇಲ್ಲದೆ ಉಳಿಸಬಹುದಾದದ್ದು ಒಂದಿದೆ: ಪ್ರತಿ ದಿನದ ಎಣಿಕೆ ಯಾವ ಯಾವ ಕಾರಣದಿಂದ ಆಯಿತು ಅನ್ನುವ ಒಡೆದ ಲೆಕ್ಕ. ಇಷ್ಟು ಖಾತೆ ತಾವೇ ತೆರೆದವು, ಇಷ್ಟು ಜೋಡಣೆಯಿಂದ ಬಂದವು, ಇಷ್ಟು ಎಸ್ಸೆಮ್ಮೆಸ್‌ನಿಂದ ಬಂದವು. ದಿನಕ್ಕೆ ಐದಾರು ಸಾಲು, ಹತ್ತು ವರ್ಷ ಇಟ್ಟರೂ ಒಂದು ಎಕ್ಸೆಲ್ ಹಾಳೆಯಲ್ಲಿ ಹಿಡಿಯುತ್ತೆ. ನಾಳೆ 'ಜೋಡಣೆಯಿಂದ ಬಂದವು ಲೆಕ್ಕಕ್ಕಿಲ್ಲ' ಅಂತ ಗೊತ್ತಾದರೆ ಆ ಕಾಲಂ ಕಳೆದರೆ ಮುಗಿಯಿತು.

ಶೇಕಡಾ ಒಂದೂ ಇಲ್ಲ ಅನ್ನುವ ವಾದ

19 ಲಕ್ಷ ಅಂದರೆ 21.66 ಕೋಟಿಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಇಷ್ಟಕ್ಕೆ ಇಷ್ಟು ಗಲಾಟೆಯಾ ಅನ್ನಿಸಬಹುದು. ಆದರೆ ಟ್ವಿಟರ್ ಈ ಸಂಖ್ಯೆಯ ಮೇಲೆ ಏನೆಲ್ಲ ಪೇರಿಸಿತ್ತು ನೋಡಿ.

2019ರ ಫೆಬ್ರವರಿಯಲ್ಲಿ ಕಂಪನಿ ತಿಂಗಳ ಲೆಕ್ಕ ಬಿಟ್ಟು ದಿನದ ಲೆಕ್ಕಕ್ಕೆ ಬದಲಾಗುವುದಾಗಿ ಹೇಳಿತು. ಹೊಸ ಅಳತೆಯ ಹೆಸರು ಎಂಡಿಎಯು, ಅಂದರೆ ದುಡ್ಡು ಹುಟ್ಟಿಸಬಲ್ಲ ದಿನದ ಬಳಕೆದಾರರು. ಆಗ ಅದು 12.6 ಕೋಟಿ. ತಿಂಗಳ ಲೆಕ್ಕ 32.1 ಕೋಟಿಗೆ ಇಳಿದಿತ್ತು, 2019ರ ಮೊದಲ ತ್ರೈಮಾಸಿಕದ ನಂತರ ಅದನ್ನು ಹೇಳುವುದಿಲ್ಲ ಅಂದರು. ಇಳಿಯುತ್ತಿರುವ ಅಂಕಿ ಬಿಟ್ಟು ಏರುತ್ತಿರುವ ಅಂಕಿ ಹಿಡಿದರು ಅಂತ ಟೀಕೆ ಬಂತು. ಅದೂ ನಿಜವೇ. ಆದರೂ ಎಂಟಿಟಿಯ ದೃಷ್ಟಿಯಿಂದ ಇದು ಒಳ್ಳೆಯ ಬದಲಾವಣೆ ಅನ್ನುತ್ತೇನೆ. 2021ರಲ್ಲಿ ಕಂಪನಿಯ ಆದಾಯ ಸುಮಾರು 508 ಕೋಟಿ ಡಾಲರ್, ಅದರಲ್ಲಿ 451 ಕೋಟಿಯಷ್ಟು ಜಾಹೀರಾತಿನದು. ಭಟ್ಟರು ಎಲೆಗೆ ಬಿಲ್ ಮಾಡುವವರಾದರೆ ಎಲೆಯನ್ನೇ ಎಣಿಸಬೇಕು, ಅಲ್ವಾ?

2021ರ ಫೆಬ್ರವರಿಯಲ್ಲಿ ಇದೇ ಅಳತೆಗೆ ಗುರಿಯೂ ಬಂತು: 2023ರ ಕೊನೆಗೆ 31.5 ಕೋಟಿ. ಸಂಖ್ಯೆಗೆ ಗುರಿ ಅಂಟಿಕೊಂಡ ದಿನದಿಂದ ಅದನ್ನು ಮೇಲಕ್ಕೆ ತಳ್ಳುವ ತಪ್ಪುಗಳನ್ನು ಹುಡುಕುವ ಉತ್ಸಾಹ ಯಾರಿಗೂ ಇರುವುದಿಲ್ಲ. ಇದು ಟ್ವಿಟರ್‌ನವರ ಬಗ್ಗೆ ಆರೋಪವಲ್ಲ, ನಾನು ಎಲ್ಲ ಕಡೆ ಕಂಡದ್ದು. ಅಂಕಿ ಕುಸಿದರೆ ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ. ಏರಿದರೆ ಕೇಕ್ ಬರುತ್ತೆ.

ಆಮೇಲೆ ಮಸ್ಕ್ ಜಗಳ. 2022ರ ಮೇ 13ರಂದು ಅವರು ಒಪ್ಪಂದವನ್ನು ತಾತ್ಕಾಲಿಕವಾಗಿ ತಡೆಹಿಡಿದಿದ್ದೇನೆ ಅಂತ ಟ್ವೀಟ್ ಮಾಡಿದರು. ನಕಲಿ ಮತ್ತು ಸ್ಪ್ಯಾಮ್ ಖಾತೆ ಶೇಕಡಾ 5ಕ್ಕಿಂತ ಕಡಿಮೆ ಅನ್ನುವ ಲೆಕ್ಕದ ವಿವರ ಬೇಕು ಅಂದರು. ಎಲ್ಲರೂ ತಂತಮ್ಮ ಟೈಮ್‌ಲೈನ್ ನೋಡಿ 'ಐದಾ? ನನಗೆ ಕಾಣುವುದರಲ್ಲಿ ಅರ್ಧ ಬಾಟ್' ಅಂತ ನಕ್ಕರು. ಬಾಟ್ ಅಂದರೆ ಮನುಷ್ಯರ ಬದಲು ಪ್ರೋಗ್ರಾಂ ನಡೆಸುವ ಖಾತೆ. ಆದರೆ ಯಾವುದರಲ್ಲಿ ಶೇಕಡಾ 5? ಟ್ವಿಟರ್ ಹೇಳುತ್ತಿದ್ದದ್ದು ಎಂಡಿಎಯು ಆಗಿ ಎಣಿಕೆಯಾದ ಖಾತೆಗಳಲ್ಲಿ. ಸ್ಪ್ಯಾಮ್ ಅಂತ ಮೊದಲೇ ಹಿಡಿದು ಹೊರಗಿಟ್ಟ ಖಾತೆಗಳು ಆ ಎಣಿಕೆಯೊಳಗೆ ಇಲ್ಲವೇ ಇಲ್ಲ. ಜನ ಟೀಕಿಸುತ್ತಿದ್ದದ್ದು ತಮ್ಮ ಕಣ್ಣಿಗೆ ಬಿದ್ದ ಖಾತೆಗಳನ್ನು. ಭಾಗಿಸುವ ಕೆಳಗಿನ ಸಂಖ್ಯೆಯೇ ಬೇರೆ ಬೇರೆ, ಉತ್ತರ ಹೇಗೆ ಒಂದಾಗುತ್ತೆ?

ಆಗ ಸಿಇಒ ಆಗಿದ್ದ ಪರಾಗ್ ಅಗ್ರವಾಲ್ ಮೇ 16ರಂದು ಸರಣಿ ಟ್ವೀಟ್‌ಗಳಲ್ಲಿ ಇದನ್ನೇ ಬಿಡಿಸಿ ಹೇಳಿದರು. ಪ್ರತಿ ತ್ರೈಮಾಸಿಕ ಸಾವಿರಾರು ಖಾತೆಗಳನ್ನು ಯಾದೃಚ್ಛಿಕವಾಗಿ ಎತ್ತಿ, ಮನುಷ್ಯರೇ ಕೂತು ಪರಿಶೀಲಿಸುತ್ತಾರೆ. ಯಾವ ಖಾತೆ ಯಾವ ದಿನ ಎಂಡಿಎಯು ಆಗಿ ಎಣಿಕೆಯಾಯಿತು ಅನ್ನುವುದೇ ಹೊರಗಿನವರಿಗೆ ತಿಳಿಯಲು ಸಾಧ್ಯವಿಲ್ಲ, ಹಾಗಾಗಿ ಹೊರಗಿನಿಂದ ಈ ಅಂದಾಜು ಮಾಡಲಾಗದು ಅಂತ. ಇದಕ್ಕೆ ಮಸ್ಕ್ ಉತ್ತರವಾಗಿ ಹಾಕಿದ್ದು ಒಂದು ಎಮೋಜಿ. ಯಾವುದು ಅನ್ನುವುದು ಊಟದ ಉದಾಹರಣೆಗಳ ಮಧ್ಯೆ ಬೇಡ.

ನನಗೆ ಮಸ್ಕ್ ಕಡೆಯ ವಾದಗಳಲ್ಲಿ ಗಟ್ಟಿ ಅನ್ನಿಸಿದ್ದು ಬಾಟ್‌ಗಳ ವಿಷಯವಲ್ಲ, ಇನ್ನೊಂದು. ಮಸ್ಕ್ ಒಪ್ಪಂದದಿಂದ ಹಿಂದೆ ಸರಿಯಲು ಹೊರಟಾಗ ಟ್ವಿಟರ್ ಅಮೆರಿಕದ ಡೆಲವೇರ್ ರಾಜ್ಯದ ಕೋರ್ಟಿನಲ್ಲಿ ಕೇಸು ಹಾಕಿತ್ತು. ಅಲ್ಲಿ ಕೊಟ್ಟ ಪ್ರತಿವಾದದಲ್ಲಿ ಮಸ್ಕ್ ಹೇಳಿದ್ದು ಹೀಗೆ: ಎಂಡಿಎಯು ಸುಮಾರು 23.8 ಕೋಟಿ ಅನ್ನುತ್ತೀರಿ, ನಿಜವಾಗಿ ಜಾಹೀರಾತು ನೋಡುವವರು ಅದಕ್ಕಿಂತ 6.5 ಕೋಟಿ ಕಡಿಮೆ. ಆ ಅಂಕಿ ಅವರ ಆರೋಪ. ವಿಚಾರಣೆ ನಡೆಯುವ ಮೊದಲೇ, 2022ರ ಅಕ್ಟೋಬರ್ 27ಕ್ಕೆ ಮಾರಾಟ ಮುಗಿದುಹೋದ್ದರಿಂದ ಕೋರ್ಟು ಅದರ ಬಗ್ಗೆ ಏನೂ ಹೇಳಬೇಕಾಗಲಿಲ್ಲ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೆ ಚುಚ್ಚುತ್ತೆ. ವ್ಯಾಖ್ಯೆಯಲ್ಲಿದ್ದದ್ದು 'ಜಾಹೀರಾತು ತೋರಿಸಬಲ್ಲ ಆ್ಯಪ್'. ಬಲ್ಲ ಅನ್ನುವುದು ಆ್ಯಪ್‌ನ ಗುಣ, ತೋರಿಸಿದ್ದು ಅನ್ನುವುದು ಆ ದಿನದ ಘಟನೆ. ಎಲೆ ಹಾಕಬಹುದಾದ ಜಾಗ ಬೇರೆ, ಹಾಕಿದ ಎಲೆ ಬೇರೆ, ಬಡಿಸಿದ ಎಲೆ ಬೇರೆ.

ಫೇಸ್‌ಬುಕ್ ಹಿಡಿದದ್ದು ಬೇರೆ ದಾರಿ. ಅಲ್ಲಿ ನಿಯಮದ ಪ್ರಕಾರ ಒಬ್ಬರಿಗೆ ಒಂದೇ ಖಾತೆ. ಹಾಗಾಗಿ ಎರಡನೇ ಖಾತೆಯನ್ನು ಅವರು 'ನಕಲು ಖಾತೆ' ಅಂತ ಕರೆದು, ಅವು ತಿಂಗಳ ಬಳಕೆದಾರರಲ್ಲಿ ಸುಮಾರು ಶೇಕಡಾ 11 ಇರಬಹುದು ಅಂತ ವರದಿಯಲ್ಲೇ ಹೇಳುತ್ತಿದ್ದರು. 2020ರ ಆರಂಭದಿಂದ ಇನ್ನೊಂದು ಅಳತೆಯನ್ನೂ ಕೊಡತೊಡಗಿದರು. ಅದರ ಹೆಸರಿನಲ್ಲಿ ಬಳಕೆದಾರರು ಇಲ್ಲ, 'ಜನ' ಇದ್ದಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್, ಮೆಸೆಂಜರ್ ಎಲ್ಲ ಸೇರಿಸಿ ಅವುಗಳ ಹಿಂದೆ ಎಷ್ಟು ಜನ ಇದ್ದಾರೆ ಅನ್ನುವ ಅಂದಾಜು. ಎಲ್ಲ ಆ್ಯಪ್‌ಗಳಿಗೂ ಒಂದೇ ಗುರುತಿನ ನಂಬರ್ ಇಲ್ಲದ ಕಾರಣ ಅದು ಎಣಿಕೆಯಲ್ಲ, ಅಂದಾಜು ಅಂತಲೂ ಅವರೇ ಬರೆದರು. ಖಾತೆಯನ್ನು ಎಣಿಸಬಹುದು, ಮನುಷ್ಯರನ್ನು ಅಂದಾಜು ಮಾಡಬೇಕು. ಈ ಎರಡಕ್ಕೂ ಒಂದೇ ಟೇಬಲ್‌ನಲ್ಲಿ ಜಾಗ ಕೊಟ್ಟರೆ ಅಲ್ಲಿಂದ ತೊಂದರೆ ಶುರು.

ಬಾಗಿಲಿಗೆ ನೇತು ಹಾಕುವ ಚೀಲ

ಇದೆಲ್ಲ ದೊಡ್ಡವರ ಕಥೆ ಅನ್ನಬೇಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿ ಬೆಳಿಗ್ಗೆ ಮನೆಮನೆಗೆ ಹಾಲು, ತರಕಾರಿ ಮುಟ್ಟಿಸುತ್ತಿತ್ತು. ಅಲ್ಲಿ 'ಗ್ರಾಹಕ' ಅಂದರೆ ಮೂರು ಸಂಖ್ಯೆ. ಮಾರ್ಕೆಟಿಂಗ್‌ನವರಿಗೆ ಗ್ರಾಹಕ ಅಂದರೆ ಆ್ಯಪ್‌ನಲ್ಲಿ ನೋಂದಾಯಿಸಿದ ಮೊಬೈಲ್ ನಂಬರ್. ಫೈನಾನ್ಸ್‌ನವರಿಗೆ ಆ ತಿಂಗಳು ದುಡ್ಡು ಕಟ್ಟಿದವರು. ಸೋಮವಾರದ ಮೀಟಿಂಗ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಹಾಳೆ ಹಿಡಿದು ಜಗಳ ಆಡುತ್ತಿದ್ದರು. ನಾವು ಡೇಟಾ ಟೀಮಿನವರು ಯಾವುದು ಸರಿ ಅಂತ ತೀರ್ಪು ಕೊಡಬೇಕಿತ್ತು. ಕೊಡಲಾಗದೆ ಒಂದು ದಿನ ಬೆಳಿಗ್ಗೆ ನಾಲ್ಕೂವರೆಗೆ ಡೆಲಿವರಿ ಸೆಂಟರ್‌ಗೆ ಹೋದೆ.

ಅಲ್ಲಿನ ಸೂಪರ್‌ವೈಸರ್ ಹಾಲಿನ ಕ್ರೇಟ್ ಮೇಲೆ ಕೂತು ರೂಟ್ ಹಾಳೆ ನೋಡುತ್ತಿದ್ದರು. ನಿಮ್ಮ ರೂಟ್‌ನಲ್ಲಿ ಎಷ್ಟು ಗ್ರಾಹಕರು ಅಂತ ಕೇಳಿದೆ.

"ನೂರಾ ನಲವತ್ತು ಬಾಗಿಲು ಸರ್."

"ಬಾಗಿಲಲ್ಲ ಅಣ್ಣ, ಗ್ರಾಹಕರು."

"ಅದೇ ಸರ್ ನಾನ್ ಹೇಳ್ತಿರೋದು. ನಮ್ ಹುಡುಗ ಚೀಲ ನೇತು ಹಾಕೋದು ಬಾಗಿಲಿಗೆ. ಫೋನ್ ನಂಬರಿಗೆ ನೇತು ಹಾಕೋಕಾಗತ್ತಾ?"

ಅವರ ಹಾಳೆಯಲ್ಲಿ ಒಂದು ಪಿಜಿ ಇತ್ತು. ಬಾಗಿಲು ಒಂದು, ಆರ್ಡರ್ ಮಾಡುವ ಹುಡುಗರು ಆರು, ಆರೂ ಬೇರೆ ನಂಬರ್. ಕೆಳಗೆ ಇನ್ನೊಂದು ಮನೆ, ಗಂಡ ಹೆಂಡತಿ ಇಬ್ಬರೂ ಆ್ಯಪ್ ಹಾಕಿಕೊಂಡಿದ್ದಾರೆ, ಹಾಲು ಗಂಡನ ನಂಬರಿಂದ, ತರಕಾರಿ ಹೆಂಡತಿಯ ನಂಬರಿಂದ. ಮಾರ್ಕೆಟಿಂಗ್‌ಗೆ ಅದು ಇಬ್ಬರು ಗ್ರಾಹಕರು. ಹೆಂಡತಿ ಒಂದು ತಿಂಗಳು ಏನೂ ತರಿಸದಿದ್ದರೆ 'ಬಿಟ್ಟುಹೋದ ಗ್ರಾಹಕಿ' ಅಂತ ಅವರಿಗೆ ನೂರು ರೂಪಾಯಿ ಕೂಪನ್ ಹೋಗುತ್ತಿತ್ತು. ಅದೇ ಬಾಗಿಲಿಗೆ ದಿನಾ ಹಾಲು ಹೋಗುತ್ತಲೇ ಇತ್ತು.

ಆಫೀಸಿಗೆ ವಾಪಸ್ ಬಂದು ನಾವು ಮಾಡಿದ ಮೊದಲ ಕೆಲಸ 'ಗ್ರಾಹಕ' ಅನ್ನುವ ಟೇಬಲ್‌ನ ಹೆಸರನ್ನೇ ಕಿತ್ತು ಹಾಕಿದ್ದು. ಅದರ ಜಾಗದಲ್ಲಿ ನಂಬರ್, ಬಾಗಿಲು, ಪಾವತಿದಾರ ಅಂತ ಮೂರು ಬಂದವು. ಯಾವ ನಂಬರ್ ಯಾವ ಬಾಗಿಲಿಗೆ ಸೇರಿದ್ದು, ಯಾವ ದಿನದಿಂದ ಯಾವ ದಿನದವರೆಗೆ ಅನ್ನುವುದಕ್ಕೆ ಪ್ರತ್ಯೇಕ ಟೇಬಲ್. ಬಾಡಿಗೆಯವರು ಮನೆ ಬದಲಾಯಿಸುತ್ತಾರೆ, ಬಾಗಿಲು ಅಲ್ಲೇ ಇರುತ್ತೆ. ತಾರೀಖು ಇಲ್ಲದ ಜೋಡಣೆ ಆರು ತಿಂಗಳಿಗೆ ಸುಳ್ಳಾಗುತ್ತೆ.

ಪ್ರತಿಯೊಂದಕ್ಕೂ ಒಂದು ಹಾಳೆ ಬರೆದೆವು. ಅದರಲ್ಲಿ ಮೇಲೆ ಒಂದೇ ವಾಕ್ಯ: ಒಂದು ಸಾಲು ಅಂದರೆ ಏನು. ವಾಕ್ಯದಲ್ಲಿ 'ಅಥವಾ' ಬಂದರೆ ಅದು ಎರಡು ಎಂಟಿಟಿ, ಒಡೆಯಿರಿ ಅನ್ನುವುದು ನಮ್ಮ ನಿಯಮ. ಅದರ ಕೆಳಗೆ ಆ ಸಾಲು ಯಾವಾಗ ಹುಟ್ಟುತ್ತೆ, ಯಾವಾಗ ಸಾಯುತ್ತೆ. ಹುಟ್ಟಿಗೆ ಎಲ್ಲರೂ ಉತ್ತರ ಕೊಡುತ್ತಾರೆ, ಸಾವಿಗೆ ಮೀಟಿಂಗ್ ಬೇಕಾಗುತ್ತೆ. ಆಮೇಲೆ ಅದರ ಹೆಸರಿನಲ್ಲಿ ಯಾವ ಯಾವ ಕ್ರಿಯೆ ಆಗಬಹುದು ಅನ್ನುವುದು. ಆರ್ಡರ್ ಮಾಡುವುದು ನಂಬರ್, ಹಾಲು ತೆಗೆದುಕೊಳ್ಳುವುದು ಬಾಗಿಲು, ದುಡ್ಡು ಕಟ್ಟುವುದು ಪಾವತಿದಾರ. ಟ್ವಿಟರ್ ಕಥೆ ಓದಿದ ಮೇಲೆ ಸೇರಿಸಿದ್ದು ಈ ಕೊನೆಯದನ್ನೇ. ಒಂದರ ಕ್ರಿಯೆಯನ್ನು ಇನ್ನೊಂದರ ಲೆಕ್ಕಕ್ಕೆ ಹಾಕುವ ಯಾವುದೇ ಜಾಯಿನ್ ಬಂದರೆ, ಕೋಡ್ ನೋಡುವವರು ಅಲ್ಲಿ ನಿಂತು ಏಕೆ ಅಂತ ಕೇಳಬೇಕು.

ಇನ್ನೊಂದು ಅಭ್ಯಾಸವೂ ಬಂತು. ಆ್ಯಪ್ ಟೀಮಿನವರು ಹೊಸ ಸೌಲಭ್ಯ ತಂದಾಗ, ಅದು ಎರಡು ಎಂಟಿಟಿಗಳನ್ನು ಹೊಸದಾಗಿ ಜೋಡಿಸುತ್ತದಾ ಅಂತ ಬಿಡುಗಡೆಗೆ ಮೊದಲೇ ಕೇಳುತ್ತೇವೆ. ಜೋಡಿಸುವುದಾದರೆ ಹೋಳಿಗೆ ಅಂಗಡಿಯವರ ಮಂಗಳವಾರದಂಥ ಒಂದು ದಿನವನ್ನು ಕೈಯಾರೆ ಬರೆದು, ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಕಾಗದದ ಮೇಲೆ ಹಾಕಿ, ಆಮೇಲೆ ಟೇಬಲ್‌ನಿಂದ ಉತ್ತರ ತೆಗೆಯುವ ಕ್ವೆರಿ ಓಡಿಸುತ್ತೇವೆ. ಅರ್ಧ ಗಂಟೆಯ ಕೆಲಸ. ದಿನಾ ಬರುವ ಮೊತ್ತದ ಏರಿಳಿತ ನೋಡುತ್ತಾ ಕೂತರೆ ಇಂಥ ತಪ್ಪು ಸಿಗುವುದಿಲ್ಲ. ಅದು ಮೊದಲ ದಿನದಿಂದಲೇ ಒಳಗಿರುತ್ತೆ, ನಿಧಾನಕ್ಕೆ ಬೆಳೆಯುತ್ತೆ, ಗ್ರಾಫ್‌ನಲ್ಲಿ ಒಳ್ಳೆಯ ಸುದ್ದಿಯ ಹಾಗೇ ಕಾಣುತ್ತೆ.

ನಾನು ಆ ಕಂಪನಿ ಬಿಡುವ ವಾರ 'ಫ್ಯಾಮಿಲಿ ಪ್ಲಾನ್' ಬರುವುದಿತ್ತು. ಒಂದು ಚಂದಾ, ನಾಲ್ಕು ನಂಬರ್, ಬೇಕಾದರೆ ಎರಡು ವಿಳಾಸ, ಊರಲ್ಲಿರುವ ಅಪ್ಪ ಅಮ್ಮನಿಗೂ ಹಾಲು ಕಳಿಸಬಹುದು. ಹಾಳೆ ತೆಗೆದು 'ಕುಟುಂಬ' ಅಂತ ಬರೆದು, ಕೆಳಗೆ ಯಾವಾಗ ಹುಟ್ಟುತ್ತೆ ಅನ್ನುವುದನ್ನೂ ತುಂಬಿದೆವು. ಯಾವಾಗ ಸಾಯುತ್ತೆ ಅನ್ನುವ ಜಾಗದಲ್ಲಿ ಮಾರ್ಕೆಟಿಂಗ್ ಮೇಡಂ ಪೆನ್ ಕೆಳಗಿಟ್ಟು, "ಇದನ್ನ ಸೋಮವಾರ ಮಾತಾಡೋಣ" ಅಂದರು.